ಕೆಳಗಿಳಿಯದ ವೃಷಣ

ನಮ್ಮ ನೆರೆಮನೆಯಲ್ಲಿ ಬಹುಕಾಲ ಒಂದು ಪೊಮರೇನಿಯನ್ ನಾಯಿ ಇದ್ದಿತು. ಬಿಳಿಯ ತುಪ್ಪುಳಿನ, ಸದಾ ಬೊಗಳುವ, ಮನೆಮಂದಿಗೆಲ್ಲ ಮುದ್ದಾದ ಗಂಡುನಾಯಿ. ಅದಕ್ಕೆ ಎಂಟನೆಯ ವರ್ಷ ನಡೆಯುತ್ತಿದ್ದಾಗ ಎರಡು ಪಕ್ಕೆಗಳಲ್ಲಿಯೂ ಒಂದೇ ಸಮನಾಗಿ ಕೂದಲು ಉದುರಲಾರಂಭಿಸಿತು. ಚರ್ಮರೋಗವಿರಬೇಕೆಂದು ಬಗೆದು ಬೇವಿನೆಣ್ಣೆ ಹಚ್ಚಿದ್ದಾಯಿತು, ಗಂಧಕದ ಮುಲಾಮು ಹಚ್ಚಿದ್ದಾಯಿತು, ಬಗೆಬಗೆಯ ಸಾಬೂನುಗಳೂ ಆದವು. ಆರೇಳು ತಿಂಗಳು ಕಳೆಯುವಷ್ಟರಲ್ಲಿ ಅದರ ಮೊಲೆತೊಟ್ಟುಗಳು ಉಬ್ಬಿಕೊಂಡವು. ಬೀದಿಯ ಗಂಡುನಾಯಿಗಳು ಬೆದೆಗೆ ಬಂದ ಹೆಣ್ಣಿನ ಬೆನ್ನು ಹತ್ತುವಂತೆ ಅದರ ಬೆನ್ನು ಹತ್ತತೊಡಗಿದವು. ಮನೆಯವರು ನಾಚಿದರು, ಬೀದಿಯವರು ನಕ್ಕರು. ನಾವೂ ನಕ್ಕೆವೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಡೆಗೊಂದು ದಿನ ಅದರ ಒಸಡಿನಿಂದ ರಕ್ತ ಒಸರುವುದನ್ನು ಕಂಡು ಗಾಬರಿಯಿಂದ ಪಶುವೈದ್ಯರಲ್ಲಿಗೆ ಕೊಂಡೊಯ್ದರು. ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿ, ಹಿಂಗಾಲುಗಳ ನಡುವೆ ಕೈಯಾಡಿಸಿ, "ಇದರ ಇನ್ನೊಂದು ವೃಷಣವೆಲ್ಲಿ?" ಎಂದು ಕೇಳಿದರು.

ಎಂಟು ವರ್ಷ ಸಾಕಿದವರಲ್ಲಿ ಒಬ್ಬರೂ ಅದನ್ನು ಎಣಿಸಿ ನೋಡಿರಲಿಲ್ಲ. ಕಾಣದಿದ್ದ ಆ ವೃಷಣ ಹೊಟ್ಟೆಯೊಳಗೇ ಇದ್ದು, ಮೂಸಂಬಿಯಷ್ಟು ದೊಡ್ಡ ಗಂತಿಯಾಗಿ ಬೆಳೆದಿತ್ತು. ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳುವ ಶಕ್ತಿ ಆ ವೇಳೆಗೆ ನಾಯಿಯ ರಕ್ತದಲ್ಲಿ ಉಳಿದಿರಲಿಲ್ಲ. ಎರಡು ವಾರದಲ್ಲಿ ಅದು ತೀರಿಕೊಂಡಿತು.

ಈ ಹಳೆಯ ಸಂಗತಿಯನ್ನು ನಾವು ಮತ್ತೆ ನೆನೆಯುವಂತಾದುದು ಮೈಸೂರಿನ ಸ್ನೇಹಿತರೊಬ್ಬರಿಂದ. ಅವರ ಮನೆಯ ಲ್ಯಾಬ್ರಡಾರ್ ಮರಿಗೆ ಏಳು ತಿಂಗಳಾಗಿತ್ತು. ಎಡಗಡೆಯ ವೃಷಣ ಇರಬೇಕಾದಲ್ಲಿ ಇದೆ, ಬಲಗಡೆಯದು ಇಲ್ಲ. ಎರಡನ್ನೂ ತೆಗೆಸಿಬಿಡಬೇಕೆಂದು ವೈದ್ಯರು ಹೇಳುತ್ತಾರೆ, ಅದಕ್ಕಾಗಿ ಹೊಟ್ಟೆಯನ್ನು ಕೊಯ್ಯಬೇಕಾಗಬಹುದಂತೆ. ಅವರ ತಾಯಿಯವರಿಗೆ ಇದು ಸ್ವಲ್ಪವೂ ಒಪ್ಪಿಗೆಯಿರಲಿಲ್ಲ. "ಎತ್ತಿಗೆ ಬೀಜ ಒಡೆಸುವುದನ್ನು ನಾನೂ ಕಂಡಿದ್ದೇನಪ್ಪ, ಅದಕ್ಕೆ ಯಾರಾದರೂ ಹೊಟ್ಟೆ ಕೊಯ್ಯುತ್ತಾರೆಯೆ? ಆಡಿಕೊಂಡಿರುವ ಮರಿ. ಇಲ್ಲದ್ದನ್ನು ಹುಡುಕಿ ತೆಗೆಯುವುದೆಂದರೇನು?" ಎಂಬುದು ಅವರ ವಾದ. ವಾದ ನ್ಯಾಯವಾಗಿಯೇ ಇದೆ. ಆದರೆ ಅದರಲ್ಲಿ ಒಂದು ತಪ್ಪು ಅಡಗಿದೆ. ಕಣ್ಣಿಗೆ ಕಾಣದ ವೃಷಣವು ಇಲ್ಲದ ವೃಷಣವಲ್ಲ. ಅದು ಇದ್ದೇ ಇರುತ್ತದೆ. ಇರಬಾರದ ಸ್ಥಳದಲ್ಲಿ ಇರುತ್ತದೆ.

ಇದನ್ನು ತಿಳಿಯಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ, ಮರಿಯು ಇನ್ನೂ ತಾಯಿಯ ಗರ್ಭದಲ್ಲಿದ್ದ ಕಾಲಕ್ಕೆ ಹೋಗಬೇಕು. ಸಸ್ತನಿಗಳ ವೃಷಣಗಳು ಹುಟ್ಟುವುದು ಕಾಲುಗಳ ನಡುವೆ ಅಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ, ಮೂತ್ರಪಿಂಡಗಳ ನೆರೆಯಲ್ಲಿ. ಅಲ್ಲಿಂದ ಅವು ಕೆಳಕ್ಕೆ ಸರಿದು, ತೊಡೆಸಂದಿನ ಸ್ನಾಯುಗಳಲ್ಲಿರುವ ಒಂದು ಕಿರುದಾರಿಯ ಮೂಲಕ ಹೊರಬಂದು, ಚರ್ಮದ ಚೀಲವನ್ನು ಸೇರಬೇಕು. ಪ್ರತಿಯೊಂದು ವೃಷಣದ ಕೆಳತುದಿಗೂ ಒಂದು ಮೆತ್ತನೆಯ ಕಟ್ಟು ಅಂಟಿಕೊಂಡಿರುತ್ತದೆ. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯನಾದ ಜಾನ್ ಹಂಟರನು 1762ರಲ್ಲಿ ಮಾನವ ಭ್ರೂಣಗಳಲ್ಲಿ ಇದನ್ನು ವಿವರಿಸಿ 'ಗುಬರ್ನಾಕುಲಮ್' ಎಂದು ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಹಡಗಿನ ಚುಕ್ಕಾಣಿ ಎಂದರ್ಥ. ಹೆಸರು ಬಹು ಸೊಗಸಾಗಿ ಹೊಂದಿದೆ. ಈ ಚುಕ್ಕಾಣಿಯು ಮೊದಲು ಊದಿಕೊಂಡು ತೊಡೆಸಂದಿನ ದಾರಿಯನ್ನು ಅಗಲಿಸುತ್ತದೆ. ಅನಂತರ ತಾನೇ ಕುಗ್ಗುತ್ತ ವೃಷಣವನ್ನು ಚೀಲದೊಳಕ್ಕೆ ತಂದು ನಿಲ್ಲಿಸುತ್ತದೆ.

ಚುಕ್ಕಾಣಿಯನ್ನು ತಿರುಗಿಸುವ ಕೈ ಯಾವುದೆಂಬುದು ಮಾತ್ರ ಬಹುಕಾಲ ತಿಳಿದಿರಲಿಲ್ಲ. ಪ್ರಯಾಣದ ಎರಡನೆಯ ಹಂತ, ಎಂದರೆ ತೊಡೆಸಂದಿನಿಂದ ಚೀಲದವರೆಗಿನದು, ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನಿಗೆ ಅಧೀನವೆಂದು ವಿಜ್ಞಾನಿಗಳು ಅರಿತಿದ್ದರು. ಮೊದಲನೆಯ ಹಂತದ ಒಡೆಯ ಬೇರೆಯೇ ಇದ್ದಾನೆಂಬುದು 1999ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ಸ್ಥಿರಪಟ್ಟಿತು. ಇನ್ಸುಲಿನ್ನನ್ನು ಹೋಲುವ ಒಂದು ಹಾರ್ಮೋನಿನ ಜೀನನ್ನು ತೆಗೆದುಹಾಕಿದ ಇಲಿಗಳಲ್ಲಿ ಎರಡು ವೃಷಣಗಳೂ ಹೊಟ್ಟೆಯೊಳಗೇ ಉಳಿದುಬಿಟ್ಟವು. ಈ ಎರಡು ಹಾರ್ಮೋನುಗಳನ್ನೂ ತಯಾರಿಸುವುದು ವೃಷಣವೇ ಎಂಬುದು ಸ್ವಾರಸ್ಯ. ತನ್ನ ಪಯಣದ ಬುತ್ತಿಯನ್ನು ಅದು ತಾನೇ ಕಟ್ಟಿಕೊಳ್ಳಬೇಕು.

ಮನುಷ್ಯನಲ್ಲಿ ಈ ಪಯಣ ಸಾಮಾನ್ಯವಾಗಿ ಹುಟ್ಟುವ ಮೊದಲೇ ಮುಗಿದಿರುತ್ತದೆ. ನಾಯಿಯಲ್ಲಿ ಹಾಗಲ್ಲ. ಹುಟ್ಟಿದ ಮರಿಯ ವೃಷಣಗಳು ಇನ್ನೂ ಹೊಟ್ಟೆಯೊಳಗೆ, ಹೊರದಾರಿಯ ಬಾಗಿಲಲ್ಲಿರುತ್ತವೆ. ಮೂರು ನಾಲ್ಕು ದಿನಗಳಲ್ಲಿ ದಾರಿಯನ್ನು ದಾಟಿ, ಸುಮಾರು ಐದು ವಾರಗಳಾಗುವಾಗ ಚೀಲವನ್ನು ಮುಟ್ಟುತ್ತವೆ. ಆದುದರಿಂದ ಮರಿಗಳನ್ನು ಮಾರುವ ಎಂಟನೆಯ ವಾರದ ವೇಳೆಗೆ ಎರಡೂ ಬೆರಳಿಗೆ ಸಿಕ್ಕಬೇಕು. ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ ಉಂಟು: ಚಳಿಯಾದರೆ, ಭಯವಾದರೆ, ವೃಷಣವನ್ನು ಮೇಲಕ್ಕೆಳೆಯುವ ಸ್ನಾಯು ತನ್ನ ಕೆಲಸ ಮಾಡುತ್ತದೆ. ವೈದ್ಯರ ತಣ್ಣನೆಯ ಮೇಜಿನ ಮೇಲೆ ಸಿಗದ ವೃಷಣ, ಮನೆಯಲ್ಲಿ ಬೆಚ್ಚಗೆ ನಿದ್ರಿಸುವ ಮರಿಯಲ್ಲಿ ಸಿಕ್ಕೀತು. ತಡವಾಗಿ ಇಳಿಯುವವೂ ಕೆಲವುಂಟು. ಆದರೆ ಆರು ತಿಂಗಳ ಹೊತ್ತಿಗೆ ತೊಡೆಸಂದಿನ ದಾರಿ ಬಿಗಿದುಕೊಳ್ಳುವುದರಿಂದ, ಅಲ್ಲಿಯವರೆಗೂ ಬಾರದಿದ್ದುದು ಮುಂದೆ ಬರುವುದೆಂಬ ಆಸೆಯನ್ನು ಇಟ್ಟುಕೊಳ್ಳಲಾಗದು. ಸ್ನೇಹಿತರ ಮರಿಗೆ ಆ ಗಡುವು ಮುಗಿದಿತ್ತು.

ಇಂಥ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಕ್ರಿಪ್ಟಾರ್ಕಿಡಿಸಮ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಗುಪ್ತವೃಷಣ' ಎಂದಂತೆ. ನಮ್ಮ ಮಲೆನಾಡಿನ ಸೀತಾಳೆ ಹೂವಿನ ಕುಲವನ್ನೆಲ್ಲ ಆರ್ಕಿಡ್ ಎಂದು ಕರೆಯುತ್ತಾರಷ್ಟೆ. ಆ ಹೆಸರಿಗೂ ಇದೇ ಮೂಲ. ಯುರೋಪಿನ ನೆಲದ ಆರ್ಕಿಡ್‌ಗಳ ಬೇರಿನಲ್ಲಿರುವ ಜೋಡಿ ಗೆಡ್ಡೆಗಳನ್ನು ಕಂಡು ಪ್ರಾಚೀನ ಗ್ರೀಕರು ಇಟ್ಟ ಹೆಸರದು. ಹೂವನ್ನು ಮುಡಿಯುವವರು ಇದನ್ನು ತಿಳಿಯದಿರುವುದೇ ಲೇಸು.

ಬ್ರಿಟನ್ನಿನ ಪಶುಚಿಕಿತ್ಸಾಲಯಗಳಲ್ಲಿ ಸಂತಾನಹರಣಕ್ಕೆಂದು ಬಂದ 3,518 ಗಂಡುನಾಯಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ 240ಕ್ಕೆ ಈ ಕೊರತೆ ಇದ್ದಿತು. ಎಂದರೆ ನೂರಕ್ಕೆ ಏಳರ ಸಮೀಪ. ಬೆಕ್ಕುಗಳಲ್ಲಿ ಇದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಮಾತ್ರ. ಎರಡೂ ಅಡಗುವುದಕ್ಕಿಂತ ಒಂದು ಅಡಗುವುದು ಹೆಚ್ಚು. ಎಡದ್ದಕ್ಕಿಂತ ಬಲದ್ದು ಹೆಚ್ಚು. ನಾಯಿಯ ಬಲ ಮೂತ್ರಪಿಂಡ ಎಡದ್ದಕ್ಕಿಂತ ಮುಂದೆ ಇರುವುದರಿಂದ ಬಲ ವೃಷಣದ ದಾರಿಯೂ ಉದ್ದವೆಂಬುದು ಇದಕ್ಕೆ ಕೊಡುವ ವಿವರಣೆ. ಪೊಮರೇನಿಯನ್, ಪೂಡಲ್, ಚಿವಾವ, ಡ್ಯಾಶ್‌ಹಂಡ್ ಮೊದಲಾದ ಸಣ್ಣ ತಳಿಗಳಲ್ಲಿ ಇದು ಹೆಚ್ಚಾಗಿ ಕಂಡರೂ ಬಾಕ್ಸರ್, ಜರ್ಮನ್ ಷೆಪರ್ಡ್‌ಗಳಂಥ ದೊಡ್ಡವೂ ಇದರಿಂದ ಹೊರತಲ್ಲ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಒಳಗೇ ಉಳಿದರೆ ಏನಾಯಿತು?

ನಾಯಿಯ ಒಡಲಿನ ಉಷ್ಣತೆ ಸುಮಾರು 38.5 ಡಿಗ್ರಿ ಸೆಂಟಿಗ್ರೇಡ್. ವೀರ್ಯಾಣುಗಳ ಉತ್ಪತ್ತಿಗೆ ಇದಕ್ಕಿಂತ ಕೆಲವು ಡಿಗ್ರಿ ಕಡಮೆ ಉಷ್ಣತೆ ಬೇಕು. ಅದಕ್ಕೆಂದೇ ನಿಸರ್ಗವು ಇಷ್ಟು ಬೆಲೆಬಾಳುವ ಅಂಗವನ್ನು ತೆಳ್ಳನೆಯ ಚೀಲದಲ್ಲಿಟ್ಟು ಹೊರಗೆ ತೂಗುಬಿಟ್ಟಿದೆ. ಇದು ಎಲ್ಲ ಪ್ರಾಣಿಗಳಿಗೂ ಅನ್ವಯಿಸುವ ನಿಯಮವೇನೂ ಅಲ್ಲ. ಹಕ್ಕಿಗಳ ಮೈ ನಾಯಿಯದಕ್ಕಿಂತಲೂ ಬಿಸಿ. ಆದರೂ ಅವುಗಳ ವೃಷಣ ಒಡಲೊಳಗೇ ಇರುತ್ತದೆ. ನಾಗರಹೊಳೆಯ ಸಲಗವನ್ನು ನೋಡಿ: ಅಷ್ಟು ದೊಡ್ಡ ಪ್ರಾಣಿಯ ವೃಷಣಗಳು ಜೀವಮಾನವೆಲ್ಲ ಮೂತ್ರಪಿಂಡದ ನೆರೆಯಲ್ಲಿಯೇ ಉಳಿಯುತ್ತವೆ, ಆನೆಗಳ ವಂಶಕ್ಕೇನೂ ಬಾಧೆಯಾಗಿಲ್ಲ. ಆನೆಯ ದೂರದ ಬಂಧುಗಳಾದ ಕಡಲಹಸು ಮುಂತಾದ ಕೆಲವು ಪ್ರಾಣಿಗಳಲ್ಲಿ, ವೃಷಣವನ್ನು ಇಳಿಸುವ ಜೀನುಗಳು ಮುರಿದುಬಿದ್ದ ಅವಶೇಷಗಳಾಗಿ ಉಳಿದಿರುವುದನ್ನು 2018ರಲ್ಲಿ ಕಂಡುಹಿಡಿದರು. ಅವುಗಳ ಪೂರ್ವಿಕರಲ್ಲಿ ವೃಷಣ ಇಳಿಯುತ್ತಿತ್ತೆಂದೂ ಕಾಲಾಂತರದಲ್ಲಿ ಆ ರೂಢಿ ತಪ್ಪಿತೆಂದೂ ಇದರಿಂದ ಊಹಿಸಬೇಕಾಗುತ್ತದೆ. ಆ ಪ್ರಾಣಿಗಳು ಲಕ್ಷಾಂತರ ವರ್ಷಗಳಲ್ಲಿ ಒಳಗಿನ ಬಿಸಿಗೆ ಹೊಂದಿಕೊಂಡಿವೆ. ನಾಯಿಯು ಹೊಂದಿಕೊಂಡಿಲ್ಲ.

ವೃಷಣದೊಳಗೆ ಎರಡು ಬಗೆಯ ಕೆಲಸಗಾರರಿದ್ದಾರೆ. ಜರ್ಮನಿಯ ಲೈಡಿಗ್ 1850ರಲ್ಲಿ ವಿವರಿಸಿದ ಕೋಶಗಳು ಟೆಸ್ಟೊಸ್ಟೆರೋನನ್ನು ತಯಾರಿಸುತ್ತವೆ. ಇಟಲಿಯ ಎನ್ರಿಕೋ ಸೆರ್ಟೋಲಿ 1865ರಲ್ಲಿ ವಿವರಿಸಿದ ಕೋಶಗಳು ದಾದಿಯರಂತೆ ವೀರ್ಯಾಣುಗಳನ್ನು ಪೋಷಿಸುತ್ತವೆ. ಈ ಸೆರ್ಟೋಲಿ ಮುಂದೆ ಮಿಲಾನಿನ ಪಶುವೈದ್ಯಶಾಲೆಯಲ್ಲಿ ಪ್ರಾಧ್ಯಾಪಕನಾದುದು ನಮ್ಮ ವಿಷಯಕ್ಕೆ ಒಪ್ಪುವ ಸಂಗತಿ. ಒಡಲಿನ ಬಿಸಿಗೆ ವೀರ್ಯಾಣುಗಳ ಉತ್ಪತ್ತಿ ನಿಂತುಹೋಗುತ್ತದೆ; ಲೈಡಿಗ್ ಕೋಶಗಳು ಮಾತ್ರ ಅಳುಕದೆ ದುಡಿಯುತ್ತಿರುತ್ತವೆ. ಆದಕಾರಣ ಎರಡೂ ಅಡಗಿರುವ ನಾಯಿ ಸಂತಾನಕ್ಕೆ ಬಾರದು. ಆದರೆ ಕಾಲೆತ್ತುವುದು, ಕಾದಾಡುವುದು, ಬೆದೆಯ ಹೆಣ್ಣನ್ನು ಅರಸಿ ಗೋಡೆ ಹಾರುವುದು ಯಾವುದರಲ್ಲಿಯೂ ಕಡಮೆಯಿರುವುದಿಲ್ಲ. ಒಂದು ಅಡಗಿರುವ ನಾಯಿಗಾದರೋ ಸಂತಾನವೂ ಆಗಬಹುದು.

ದಾದಿಯರಿಗೆ ಸಾಕಲು ಕೂಸಿಲ್ಲದಂತಾದ ಮೇಲೆ ತೊಂದರೆ ತೊಡಗುತ್ತದೆ. ವರ್ಷಗಳು ಉರುಳಿದಂತೆ ಸೆರ್ಟೋಲಿ ಕೋಶಗಳು ಕಡಿವಾಣವಿಲ್ಲದೆ ಬೆಳೆದು ಗಂತಿಯಾಗಬಹುದು. ವೀರ್ಯಾಣುವಿನ ಮೂಲಕೋಶಗಳಿಂದ ಹುಟ್ಟುವ ಇನ್ನೊಂದು ಬಗೆಯ ಗಂತಿಯೂ ಉಂಟು. ಕೆಳಗಿಳಿದ ವೃಷಣಕ್ಕಿಂತ ಇಳಿಯದ ವೃಷಣದಲ್ಲಿ ಇಂಥ ಅರ್ಬುದಗಳ ಸಂಭವ ಸುಮಾರು ಹತ್ತು ಪಟ್ಟು, ಕೆಲವು ಲೆಕ್ಕಗಳಂತೆ ಹದಿಮೂರು ಪಟ್ಟು ಹೆಚ್ಚು. ಸೆರ್ಟೋಲಿ ಗಂತಿ ಅನೇಕ ವೇಳೆ ಈಸ್ಟ್ರೋಜನ್ ಎಂಬ ಸ್ತ್ರೀಹಾರ್ಮೋನನ್ನು ಸುರಿಸುತ್ತದೆ. ನೆರೆಮನೆಯ ನಾಯಿಯ ಕೂದಲು ಉದುರಿದುದಕ್ಕೂ ಮೊಲೆ ಊದಿದುದಕ್ಕೂ ಗಂಡುನಾಯಿಗಳು ಬೆನ್ನು ಹತ್ತಿದುದಕ್ಕೂ ಕಾರಣ ಅದೇ. ಈಸ್ಟ್ರೋಜನ್ ಮಿತಿಮೀರಿದರೆ ನಾಯಿಯ ಅಸ್ಥಿಮಜ್ಜೆ ಬತ್ತುತ್ತದೆ. ರಕ್ತದ ಕಣಗಳು ಹುಟ್ಟುವುದು ನಿಲ್ಲುತ್ತದೆ. ನಾವು ನಕ್ಕ ದಿನಗಳಲ್ಲಿ ಅದರೊಳಗೆ ನಡೆಯುತ್ತಿದ್ದುದು ಇದು. ಇದಲ್ಲದೆ, ಹೊಟ್ಟೆಯಲ್ಲಿ ಸಡಿಲವಾಗಿ ತೂಗುವ ವೃಷಣ, ವಿಶೇಷವಾಗಿ ಗಂತಿಯಾಗಿ ಭಾರವಾದದ್ದು, ತನ್ನ ತೊಟ್ಟಿನ ಮೇಲೆ ತಾನೇ ತಿರುಚಿಕೊಂಡು ರಕ್ತಸಂಚಾರ ನಿಂತು ನಾಯಿಗೆ ಸಹಿಸಲಾಗದ ನೋವನ್ನುಂಟುಮಾಡುವುದೂ ಉಂಟು.

ಹಾಗೆಂದು ಏಳು ತಿಂಗಳ ಮರಿಯ ಯಜಮಾನರು ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕಾಗಿಲ್ಲ. ಹತ್ತು ಪಟ್ಟು ಎಂಬ ಮಾತು ಬೆದರಿಸುವ ಮಾತು. ಯಾವುದರ ಹತ್ತು ಪಟ್ಟು ಎಂದು ಕೇಳಬೇಕು. ಎಳೆಯ ನಾಯಿಯಲ್ಲಿ ಈ ಅರ್ಬುದ ಬಹು ಅಪರೂಪ. ಅಪಾಯ ಏರುವುದು ನಡುವಯಸ್ಸು ದಾಟುವಾಗ. ಆದುದರಿಂದ ಶಸ್ತ್ರಚಿಕಿತ್ಸೆ ಬೇಕೆ ಬೇಡವೆ ಎಂಬುದು ಒಂದು ಪ್ರಶ್ನೆ, ಯಾವಾಗ ಎಂಬುದು ಇನ್ನೊಂದು. ಜನ ಇವೆರಡನ್ನೂ ಕಲಸಿಕೊಳ್ಳುತ್ತಾರೆ. ವೈದ್ಯರಲ್ಲಿಯೂ ಕೆಲವರು ಕಲಸಿಕೊಳ್ಳುತ್ತಾರೆ.

ಯಾವಾಗ ಎಂಬ ಪ್ರಶ್ನೆಗೆ ಈಚಿನ ಒಂದು ದಶಕದ ಸಂಶೋಧನೆ ಹೊಸ ಬೆಳಕು ಚೆಲ್ಲಿದೆ. ವೃಷಣದ ಹಾರ್ಮೋನುಗಳು ಎಲುಬಿನ ಬೆಳವಣಿಗೆಯನ್ನು ಸಕಾಲದಲ್ಲಿ ನಿಲ್ಲಿಸುವುದಕ್ಕೂ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು ಸಾವಿರಾರು ನಾಯಿಗಳ ಚಿಕಿತ್ಸಾದಾಖಲೆಗಳನ್ನು ಪರಿಶೀಲಿಸಿದರು. 2014ರಲ್ಲಿ ಅವರು ಪ್ರಕಟಿಸಿದಂತೆ, ಆರು ತಿಂಗಳೊಳಗೆ ಸಂತಾನಹರಣವಾದ ಲ್ಯಾಬ್ರಡಾರ್‌ಗಳಲ್ಲಿ ಕೀಲುಗಳ ರೋಗ ಇತರ ಲ್ಯಾಬ್ರಡಾರ್‌ಗಳಿಗಿಂತ ಎರಡರಷ್ಟು. ಗೋಲ್ಡನ್ ರಿಟ್ರೀವರ್‌ಗಳಲ್ಲಿ ನಾಲ್ಕೈದರಷ್ಟು. 2020ರಲ್ಲಿ ಮೂವತ್ತೈದು ತಳಿಗಳನ್ನು ನೋಡಿದಾಗ ಸಣ್ಣ ತಳಿಗಳಲ್ಲಿ ಇಂಥ ಕೆಡಕು ಬಹುಮಟ್ಟಿಗೆ ಕಂಡುಬರಲಿಲ್ಲ. ಅರ್ಬುದವು ಆರೆಂಟು ವರ್ಷ ದೂರದಲ್ಲಿರುವಾಗ, ಲ್ಯಾಬ್ರಡಾರಿನಂಥ ದೊಡ್ಡ ನಾಯಿಯ ಎಲುಬುಗಳು ಬಲಿಯುವವರೆಗೆ, ಎಂದರೆ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಕಾಯುವುದರಲ್ಲಿ ನಷ್ಟವಿಲ್ಲ. ಪೊಮರೇನಿಯನ್ನಿಗೆ ಅಷ್ಟು ಕಾಯುವ ಕಾರಣವೂ ಇಲ್ಲ. ಕಾಯುವುದೆಂದರೆ ಮರೆಯುವುದಲ್ಲವಷ್ಟೆ, ನೆರೆಮನೆಯಲ್ಲಿ ಆದದ್ದು ಮರೆವು ಕೂಡ ಅಲ್ಲ, ಅರಿವೇ ಇರಲಿಲ್ಲ.

ಸ್ನೇಹಿತರು ಇನ್ನೊಂದು ಪ್ರಶ್ನೆ ಕೇಳಿದರು: ಗಂಡುಮಕ್ಕಳಲ್ಲಿ ಇದೇ ಕೊರತೆ ಇದ್ದರೆ ವೃಷಣವನ್ನು ಕೆಳಕ್ಕೆ ತಂದು ಹೊಲಿದು ನಿಲ್ಲಿಸುತ್ತಾರಲ್ಲ, ನಾಯಿಗೇಕೆ ಹಾಗೆ ಮಾಡಬಾರದು? ತಿಂಗಳು ತುಂಬಿ ಹುಟ್ಟಿದ ಗಂಡುಶಿಶುಗಳಲ್ಲಿ ನೂರಕ್ಕೆ ಸುಮಾರು ಮೂರರಲ್ಲಿ ಇದು ಇರುತ್ತದೆ. ಅನೇಕರಲ್ಲಿ ಕೆಲವೇ ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಂದ ಇಳಿಸುತ್ತಾರೆ. ಮಗುವು ಮುಂದೆ ತಂದೆಯಾಗಬೇಕು. ನಾಯಿಯ ವಿಚಾರದಲ್ಲಿ ಅದೇ ಆಗಕೂಡದು. ಈ ಕೊರತೆ ವಂಶದಲ್ಲಿ ಹರಿಯುವಂಥದು. ಒಂದೇ ಜೀನಿನಿಂದಲ್ಲ, ಹಲವು ಜೀನುಗಳ ಕೂಟದಿಂದ ಬರುವುದೆಂದು ಈಗಿನ ಅಭಿಪ್ರಾಯ. ಹೆಣ್ಣಿನಲ್ಲಿ ಅದು ಕಾಣುವಂತೆಯೇ ಇಲ್ಲ, ಆದರೆ ಅದನ್ನು ಹೊತ್ತು ಮರಿಗಳಿಗೆ ದಾಟಿಸಬಲ್ಲಳು. ವೃಷಣವನ್ನು ಇಳಿಸಿ ನಿಲ್ಲಿಸಿದರೆ ನೋಡುವವರ ಕಣ್ಣಿಗೆ ಮಣ್ಣೆರಚಿದಂತೆ. ಹಾರ್ಮೋನು ಚುಚ್ಚುಮದ್ದಿನಿಂದ ಇಳಿಸುವ ಪ್ರಯತ್ನಗಳೂ ನಡೆದಿವೆ. ಫಲ ಅಪರೂಪ, ಆಕ್ಷೇಪ ಇದೇ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ತಳಿಲಕ್ಷಣಗಳಲ್ಲಿ, ಗಂಡುನಾಯಿಗೆ ಚೀಲದೊಳಕ್ಕೆ ಪೂರ್ತಿ ಇಳಿದ ಎರಡು ವೃಷಣಗಳಿರಬೇಕೆಂದು ವಿಧಿಸಿರುವುದರ ಹಿಂದೆ ಇರುವುದು ಕೇವಲ ಅಂದಚಂದದ ವಿಚಾರವಲ್ಲ.

ಅಡಗಿದುದನ್ನು ಮಾತ್ರ ತೆಗೆದು ಇಳಿದುದನ್ನು ಬಿಟ್ಟರೆ? ದೊಡ್ಡ ಅಪಾಯ ಅದರಿಂದ ಕಳೆಯುತ್ತದೆ, ನಿಜ. ಆದರೆ ನಾಯಿಗೆ ಸಂತಾನಶಕ್ತಿ ಉಳಿಯುತ್ತದೆ. ನಮ್ಮ ಬೀದಿಗಳಲ್ಲಿ ಬಾಗಿಲು ತೆರೆದ ಕ್ಷಣ ಓಡುವ ನಾಯಿಯನ್ನು ಸಾಕಿದವರಾರೂ ಅದರ ವಂಶವನ್ನು ತಡೆಹಿಡಿಯುವೆವೆಂದು ಮಾತುಕೊಡಲಾರರು. ಎರಡನ್ನೂ ತೆಗೆಸುವುದೇ ಮೇಲೆಂದು ನಮ್ಮ ಮತ.

ಇದಕ್ಕಿಂತ ಕೆಟ್ಟ ತಪ್ಪು ಒಂದುಂಟು: ಕೈಗೆ ಸಿಕ್ಕ ಇಳಿದ ವೃಷಣವನ್ನು ತೆಗೆದು, ಸಿಗದುದನ್ನು ಒಳಗೇ ಬಿಡುವುದು. ಅಂಥ ನಾಯಿ ಹೊರನೋಟಕ್ಕೆ ಸಂತಾನಹರಣವಾದಂತೆ ಕಾಣುತ್ತದೆ. ಕೈಬದಲಾದರಂತೂ ಮುಗಿಯಿತು, ಒಳಗೊಂದು ಉಳಿದಿದೆಯೆಂದು ಯಾರಿಗೂ ತಿಳಿಯದು. ಇಂಥ ಸಂದೇಹ ಬಂದಲ್ಲಿ ಸೆರ್ಟೋಲಿ ಕೋಶಗಳು ಮಾತ್ರ ತಯಾರಿಸುವ ಒಂದು ಹಾರ್ಮೋನನ್ನು ಗಂಡುನಾಯಿಯ ರಕ್ತದಲ್ಲಿ ಹುಡುಕುವ ಪರೀಕ್ಷೆ ಈಗ ಬಂದಿದೆ. ಅದು ರಕ್ತದಲ್ಲಿ ಕಂಡರೆ ಒಡಲಲ್ಲೆಲ್ಲೋ ವೃಷಣವಿದೆಯೆಂದೇ ಅರ್ಥ.

ಶಸ್ತ್ರಚಿಕಿತ್ಸೆಯೆಷ್ಟು ದೊಡ್ಡದೆಂಬುದು ವೃಷಣ ಎಲ್ಲಿ ನಿಂತಿದೆಯೆಂಬುದರ ಮೇಲೆ ಹೋಗುತ್ತದೆ. ತೊಡೆಸಂದಿನ ಚರ್ಮದಡಿ ಇದ್ದರೆ ಅದರ ಮೇಲೆಯೇ ಒಂದು ಸಣ್ಣ ಗಾಯ ಸಾಕು. ಬೆರಳಿಗೆ ಸಿಗದಿದ್ದರೆ ಅಲ್ಟ್ರಾಸೌಂಡಿನಿಂದ ಹುಡುಕುತ್ತಾರೆ. ಹೊಟ್ಟೆಯೊಳಗಿದ್ದರೆ ಹೊಟ್ಟೆಯನ್ನು ತೆರೆಯಬೇಕು, ಇಲ್ಲವೆ ಸಾಧನವಿದ್ದಲ್ಲಿ ಸಣ್ಣ ರಂಧ್ರಗಳ ಮೂಲಕ ದೂರದರ್ಶಕದಂಥ ಕೊಳವೆಯನ್ನು ಇಳಿಸಿ ನೋಡಬೇಕು. ಬಲ್ಲ ವೈದ್ಯರು ಕುರುಡಾಗಿ ತಡಕುವುದಿಲ್ಲ: ಮೂತ್ರಕೋಶದ ಹಿಂದಿರುವ ಪ್ರಾಸ್ಟೇಟ್ ಗ್ರಂಥಿಯಿಂದ ಹೊರಡುವ ವೀರ್ಯನಾಳವನ್ನು ಹಿಡಿದು, ದಾರದ ತುದಿಯಲ್ಲಿ ಬುಗುರಿಯನ್ನು ಹುಡುಕುವಂತೆ, ಅದರ ಜಾಡಿನಲ್ಲಿಯೇ ಹೋಗಿ ವೃಷಣವನ್ನು ಮುಟ್ಟುತ್ತಾರೆ. ಚಿಕ್ಕ ಗಾಯದಿಂದ ಕೊಕ್ಕೆ ಹಾಕಿ ಎಳೆದು, ವೃಷಣದ ಬದಲು ಪ್ರಾಸ್ಟೇಟನ್ನೇ ಕಿತ್ತ ಪ್ರಸಂಗಗಳು ಪಶುವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ. ವೈದ್ಯರನ್ನು ಆರಿಸುವಾಗ, ಇಂಥ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿದ್ದೀರಾ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಸ್ನೇಹಿತರು ಏಳು ತಿಂಗಳು ಕಾದರು. ತಾಯಿಯವರ ಮನಸ್ಸನ್ನು ತಿರುಗಿಸಿದ್ದು ನಮ್ಮ ವಿವರಣೆಯಲ್ಲ, ಪೊಮರೇನಿಯನ್ನಿನ ಕಥೆ. ಮರಿಗೆ ಹದಿನಾಲ್ಕು ತಿಂಗಳಾದಾಗ ಅಲ್ಟ್ರಾಸೌಂಡಿನಲ್ಲಿ ಬಲ ವೃಷಣ ಮೂತ್ರಕೋಶದ ಪಕ್ಕದಲ್ಲಿ ಕಂಡಿತು. ಶಸ್ತ್ರಚಿಕಿತ್ಸೆ ಮುಕ್ಕಾಲು ಗಂಟೆ ಹಿಡಿಯಿತು. ತಟ್ಟೆಯಲ್ಲಿ ಎರಡನ್ನೂ ಇಟ್ಟು ತೋರಿಸಿದರು: ಎಡದ್ದು ಬಲಿತ ನೆಲ್ಲಿಕಾಯಿಯಂತೆ ಗಟ್ಟಿಯಾಗಿದ್ದರೆ ಬಲದ್ದು ಅದರ ಅರ್ಧದಷ್ಟು, ಹಿಸುಕಿದರೆ ಮೆತ್ತಗೆ. ಗಂತಿಯಿರಲಿಲ್ಲ. ನಾಯಿ ಹತ್ತು ದಿನ ಹೊಲಿಗೆ ನೆಕ್ಕದಂತೆ ಕೊರಳಿಗೆ ಶಂಕುವನ್ನು ಹಾಕಿಕೊಂಡು ಮನೆಯ ಬಾಗಿಲುಗಳಿಗೆಲ್ಲ ಡಿಕ್ಕಿ ಹೊಡೆಯುತ್ತ ತಿರುಗಿತು. ಆ ಮೇಲೆ ಮೈ ಬೆಳೆಯದಂತೆ ಅದರ ಊಟವನ್ನು ಸ್ವಲ್ಪ ಕಡಮೆಮಾಡಬೇಕೆಂದು ವೈದ್ಯರು ಹೇಳಿದುದನ್ನು ತಾಯಿಯವರು ಮಾತ್ರ ಇನ್ನೂ ಒಪ್ಪಿಲ್ಲ.

ಮರಿಯನ್ನು ಮಾರಿದವರಿಗೆ ತಿಳಿಸುವುದು ಒಳ್ಳೆಯದೆಂದು ನಾವು ಸೂಚಿಸಿದೆವು. ಆ ತಂದೆ ತಾಯಿಗಳನ್ನು ಮತ್ತೆ ಕೂಡಿಸದಿರಲೆಂದು. ಸ್ನೇಹಿತರು ಬರೆದರು. ಉತ್ತರ ಬೇಗನೆ ಬಂದಿತು. ಅದೇ ಜೋಡಿಯಿಂದ ಇನ್ನೊಂದು ಸೂಲು ಆಗಲೇ ಆಗಿತ್ತು. ಏಳು ಮರಿಗಳು, ಅವುಗಳಲ್ಲಿ ನಾಲ್ಕು ಗಂಡು. ಎಲ್ಲವೂ ಮಾರಾಟವಾಗಿದ್ದವು. ಕೊಂಡವರ ವಿಳಾಸಗಳನ್ನು ಅವರು ಬರೆದಿಟ್ಟುಕೊಂಡಿರಲಿಲ್ಲ.